ಬೆಕ್ಕಿಗೊಂದು ಬಾಚಣಿಗೆ

ನಮ್ಮ ಶಾಲೆಯ ಮಕ್ಕಳಲ್ಲಿ ಬೆಕ್ಕನ್ನು ಮುದ್ದಿಸದವರು ವಿರಳ. ಅದರ ಮೈ ಬಾಚುವವರು ಇನ್ನೂ ವಿರಳ. ಮುದ್ದಿಗಿಂತ ಬಾಚಣಿಗೆಯೇ ಮೇಲೆಂಬುದು ನನ್ನ ಅಭಿಪ್ರಾಯ.

ಬೆಕ್ಕಿನ ನಾಲಗೆಯ ಮೇಲೆ ಹಿಮ್ಮುಖವಾದ ಸಣ್ಣ ಮುಳ್ಳುಗಳಿವೆ. ಮೈ ನೆಕ್ಕುವಾಗ ಉದುರುಗೂದಲು ಅವಕ್ಕೆ ಸಿಕ್ಕಿ ಹೊಟ್ಟೆಯನ್ನು ಸೇರುತ್ತದೆ. ಬಹುಪಾಲು ಮಲದೊಡನೆ ಹೋಗುವುದು; ಉಳಿದುದು ಉಂಡೆಗಟ್ಟಿ ಎಂದಾದರೊಮ್ಮೆ ವಾಂತಿಯಾಗುವುದು. ಇದಕ್ಕೆ ಭಯಪಡಬೇಕಾಗಿಲ್ಲ. ಆದರೆ ಆ ಉಂಡೆ ಕರುಳಿನಲ್ಲಿ ಸಿಲುಕಿದರೆ ಶಸ್ತ್ರಚಿಕಿತ್ಸೆಯೇ ಗತಿಯಾದೀತು.

ಕಳೆದ ವರ್ಷ ನಮ್ಮ ಮನೆಯ ಬೆಕ್ಕು ಎರಡು ದಿನ ಆಹಾರ ಮುಟ್ಟದೆ ಬರಿದೇ ಓಕರಿಸಿತು. ಕೆಮ್ಮೆಂದು ಬಗೆದ ನಾನು ಅದರ ಬಾಯಿಗೆ ಎಣ್ಣೆ ಹೊಯ್ಯಲು ಹೊರಟಿದ್ದೆ. ನೆರೆಯವರು ತಡೆದು ಪಶುವೈದ್ಯರಲ್ಲಿಗೆ ಕಳುಹಿಸಿದರು. ಬಲವಂತದಿಂದ ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯವೆಂದು ಆಗ ತಿಳಿಯಿತು. ಬೆಕ್ಕು ಬದುಕಿತು, ಪಾಠ ಹೇಳುವವನು ಪಾಠ ಕಲಿತನು.

ಆದುದರಿಂದ ವಿದ್ಯಾರ್ಥಿಗಳೇ, ದಿನವೂ ಬೆಕ್ಕಿನ ಮೈ ಬಾಚಿರಿ. ಪರ್ಷಿಯನ್‌ನಂತಹ ಉದ್ದಗೂದಲಿನ ಜಾತಿಯಾದರೆ ಒಂದು ದಿನವೂ ತಪ್ಪಿಸದಿರಿ. ಶುದ್ಧವಾದ ನೀರನ್ನು ಸದಾ ಇಡಿರಿ. ಅದು ಆಹಾರ ಬಿಟ್ಟು ಮತ್ತೆ ಮತ್ತೆ ಓಕರಿಸಿದರೆ, ಮಲ ಕಟ್ಟಿದರೆ, ಮನೆಮದ್ದು ಬೇಡ. ಪರೇಲಿನ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ನಮ್ಮ ಮುಂಬಯಿಯಲ್ಲಿಯೇ ಇದೆ.

ತನ್ನ ನೋವನ್ನು ಹೇಳಿಕೊಳ್ಳಲಾರದ ಜೀವವನ್ನು ಮನೆಗೆ ತಂದವರು, ಅದನ್ನು ನೋಡಿ ತಿಳಿಯುವ ಹೊಣೆಯನ್ನೂ ಹೊರಬೇಕು.