ವಸ್ತುದಾನಕ್ಕೆ ಬೆಲೆಯಿಲ್ಲವೇ?

ನಮ್ಮ ಹಳೆಯ ದಾನಶಾಸನಗಳಲ್ಲಿ ದಾನವು ಬಹುಮಟ್ಟಿಗೆ ವಸ್ತುರೂಪದ್ದು. ಇಷ್ಟು ಮತ್ತರು ಗದ್ದೆ, ನಂದಾದೀವಿಗೆಗೆ ಇಷ್ಟು ಎಣ್ಣೆ, ಸತ್ರಕ್ಕೆ ಇಷ್ಟು ಅಕ್ಕಿ ಎಂದು ಅಳತೆಸಹಿತ ಕೆತ್ತಿಸುತ್ತಿದ್ದರು. ದತ್ತಿಭೂಮಿಯನ್ನು ‘ಸರ್ವಬಾಧಾಪರಿಹಾರ’ವೆಂದು ಸಾರಿ ತೆರಿಗೆಯಿಂದ ಬಿಡುತ್ತಿದ್ದುದೂ ಉಂಟು.

ಇಂದಿನ ತೆರಿಗೆ ಕಾನೂನು ಹಣವನ್ನಲ್ಲದೆ ಬೇರೆ ದಾನವನ್ನು ಕಾಣದು. 1961ರ ಆದಾಯ ತೆರಿಗೆ ಕಾಯಿದೆಯ 80ಜಿ ಕಲಮು ದತ್ತಿಸಂಸ್ಥೆಗಳಿಗಿತ್ತ ದೇಣಿಗೆಗೆ ಕಡಿತ ನೀಡಿದರೂ, ದೇಣಿಗೆ ಹಣದ ಮೊತ್ತವೇ ಆಗಿರಬೇಕೆಂದು ಅದರ ಐದನೆಯ ವಿವರಣೆ ವಿಧಿಸಿತು. ಷೇರುಗಳನ್ನು ದಾನವಿತ್ತ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ ಇದೇ ಅರ್ಥವನ್ನು ಎತ್ತಿಹಿಡಿಯಿತು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡೋಣ. ನಾಗಪುರದ ಮಗ್ಗುಲಿನ ಹಿಂಗಣಾ ಕೈಗಾರಿಕಾ ವಸಾಹತಿನ ತಯಾರಕರೊಬ್ಬರು ಲಕ್ಷ ರೂಪಾಯಿಯ ಹೊಸ ಡೆಸ್ಕುಗಳನ್ನು ಹತ್ತಿರದ ಅನಾಥಾಲಯಕ್ಕೆ ಕೊಟ್ಟರೆನ್ನಿ. ದೇಣಿಗೆಯ ಕಡಿತ ಅವರಿಗಿಲ್ಲ. ಆ ಸರಕಿಗೆ ಬಳಸಿದ ಸಾಮಗ್ರಿಯ ಮೇಲೆ ತೆತ್ತ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ಟನ್ನೂ 17(5) ಕಲಮು ನಿರಾಕರಿಸುತ್ತದೆ. ಕಳುವಾದ, ನಾಶವಾದ ಸರಕನ್ನೂ ಉಡುಗೊರೆಯಾಗಿ ಕೊಟ್ಟ ಸರಕನ್ನೂ ಆ ಕಲಮು ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಕೊಟ್ಟದ್ದೂ ಕೆಟ್ಟದ್ದೂ ಕಾನೂನಿನ ಕಣ್ಣಿಗೆ ಒಂದೇ!

ಸರ್ಕಾರದ ಅಳುಕು ನಿರಾಧಾರವೇನಲ್ಲ. ನೋಟಿಗೆ ಮುಖಬೆಲೆಯಿದೆ, ಹಳೆಯ ಸೀರೆಗೆ, ಮುರುಕು ಕುರ್ಚಿಗೆ ಬೆಲೆ ಕಟ್ಟುವವರಾರು? ವಸ್ತುದಾನಕ್ಕೆ ಕಡಿತ ಕೊಡುವ ಅಮೆರಿಕದಲ್ಲಿ ಹಳೆಯ ಕಾರುಗಳಿಗೆ ದಾನಿಗಳು ಉಬ್ಬಿಸಿದ ಬೆಲೆ ತೋರಿಸತೊಡಗಿದರು. ಹೀಗಾಗಿ 2005ರಿಂದ, ಸಂಸ್ಥೆಯು ಕಾರನ್ನು ಮಾರಿ ಪಡೆದ ಹಣಕ್ಕೇ ಕಡಿತವನ್ನು ಸಾಮಾನ್ಯವಾಗಿ ಮಿತಿಗೊಳಿಸಲಾಯಿತು.

ಗಮನಿಸಿ: ಅಲ್ಲಿ ನಿಯಮವನ್ನು ಬಿಗಿಗೊಳಿಸಿದರೇ ಹೊರತು ವಸ್ತುದಾನವನ್ನು ಹೊರಗಟ್ಟಲಿಲ್ಲ. ನಮಗೂ ಅದು ಸಾಧ್ಯ. ಬಳಸಿದ ವಸ್ತುಗಳನ್ನು ಸದ್ಯಕ್ಕೆ ಬದಿಗಿಡೋಣ. ಹೊಸ ಪುಸ್ತಕ, ಔಷಧ, ಕಂಬಳಿಗಳಿಗೆ ಖರೀದಿಯ ಬಿಲ್ಲೇ ಸಾಕ್ಷಿ. ನೋಂದಾಯಿತ ಸಂಸ್ಥೆಗಳು ದಾನಿಗಳ ವಿವರವನ್ನು ನಿಗದಿತ ನಮೂನೆಯಲ್ಲಿ ಇಲಾಖೆಗೆ ಸಲ್ಲಿಸುತ್ತಿವೆ. ಆ ನಮೂನೆಯಲ್ಲಿ ವಸ್ತುರೂಪದ ದೇಣಿಗೆಯನ್ನು ನಮೂದಿಸಲು ಅವಕಾಶವೂ ಇದೆ. ವರದಿಗೆ ಬೇಕಾದ ದಾನ ಕಡಿತಕ್ಕೆ ಮಾತ್ರ ಬೇಡವೆಂದರೆ ಹೇಗೆ? ಬಿಲ್ಲಿನ ಬೆಲೆ ಮತ್ತು ಸಂಸ್ಥೆಯ ಸ್ವೀಕೃತಿಪತ್ರ ಎರಡೂ ಹೊಂದಿದಾಗ, ಒಂದು ಮಿತಿಯೊಳಗೆ ಕಡಿತ ಕೊಡಲು ಅಡ್ಡಿಯಿರಬಾರದು.

ದಾನಿಗೆ ಪ್ರತಿಫಲವೇಕೆ ಎಂದು ಕೆಲವರು ಕೇಳಬಹುದು. ಚೆಕ್ಕು ಬರೆದುಕೊಟ್ಟವರನ್ನು ನಾವು ಹಾಗೆ ಕೇಳುವುದಿಲ್ಲ. ಚಳಿಗೆ ಕಂಬಳಿ ಹೊದಿಸಿದವರಿಗೂ ಅದೇ ಮರ್ಯಾದೆ ಸಲ್ಲಲಿ.