ಉಪಕರಣದ ಮಾತನ್ನು ಗಣಕವು ನಂಬಬಹುದೆ?

ಗಣಕಕ್ಕೆ ಹೊಸ ಉಪಕರಣವೊಂದನ್ನು ಸಿಕ್ಕಿಸಿದೊಡನೆ ಅದು ಕೆಲಸಕ್ಕೆ ತೊಡಗುವುದನ್ನು ನಾವು ದಿನವೂ ಕಾಣುತ್ತೇವೆ. ಬಂದುದು ಇಂಥದೆಂದು ಗಣಕವು ಅರಿತದ್ದು ಹೇಗೆ? ವಿದ್ಯಾರ್ಥಿಮಿತ್ರರು ಈ ಪ್ರಶ್ನೆಯನ್ನು ಕೇಳಲೇಬೇಕೆಂಬುದು ನಮ್ಮ ಅಭಿಪ್ರಾಯ.

1996ರಲ್ಲಿ ರೂಪುಗೊಂಡ ಯು.ಎಸ್.ಬಿ. ಏರ್ಪಾಡನ್ನೇ ನೋಡೋಣ. ಅದರ ಮೂಲರೂಪದಲ್ಲಿ ಎರಡು ತಂತಿಗಳು ವಿದ್ಯುತ್ತಿಗೆ, ಎರಡು ಸಂದೇಶಕ್ಕೆ. ಗಣಕದ ಕಡೆಯಲ್ಲಿ ಸಂದೇಶದ ತಂತಿಗಳೆರಡೂ 15 ಕಿಲೊಓಮ್ ರೋಧಕಗಳ ಮೂಲಕ ಸೊನ್ನೆ ವಿಭವಕ್ಕೆ ಸೇರಿರುತ್ತವೆ. ಉಪಕರಣವು ಅವುಗಳಲ್ಲೊಂದನ್ನು 1.5 ಕಿಲೊಓಮ್ ರೋಧಕದ ಮೂಲಕ 3.3 ವೋಲ್ಟಿಗೆ ಸೇರಿಸುತ್ತದೆ. ಓಮನ ನಿಯಮದಂತೆ ಲೆಕ್ಕ ಹಾಕಿದರೆ ಆ ತಂತಿಯ ವಿಭವವು 3 ವೋಲ್ಟಿಗೆ ಏರಬೇಕು. ಏನೋ ಒಂದು ಬಂದು ಸೇರಿದೆಯೆಂಬುದಕ್ಕೆ ಇದೇ ಕುರುಹು. ಇಲ್ಲಿಯವರೆಗೆ ಸಂದೇಹಕ್ಕೆ ಎಡೆಯಿಲ್ಲ.

ಅನಂತರ ಗಣಕವು ಅದಕ್ಕೆ 1ರಿಂದ 127ರೊಳಗಿನ ಒಂದು ವಿಳಾಸವನ್ನಿತ್ತು, ನೀನಾರೆಂದು ವಿಚಾರಿಸುತ್ತದೆ. ಉಪಕರಣವು 18 ಬೈಟುಗಳ ಪರಿಚಯಪತ್ರವನ್ನು ಒಪ್ಪಿಸುತ್ತದೆ. ತಯಾರಕರ ಸಂಖ್ಯೆ, ವಸ್ತುವಿನ ಸಂಖ್ಯೆ ಅದರಲ್ಲಿರುತ್ತವೆ. ತನ್ನ ವರ್ಗ ಯಾವುದೆಂಬುದನ್ನೂ ಉಪಕರಣವೇ ಹೇಳುತ್ತದೆ. ಕಾರ್ಯಾಚರಣ ವ್ಯವಸ್ಥೆಯಲ್ಲಿ ಪ್ರತಿಯೊಂದು ಚಾಲಕ ತಂತ್ರಾಂಶವೂ ತಾನು ನಡೆಸಬಲ್ಲ ಉಪಕರಣಗಳ ಪಟ್ಟಿಯನ್ನು ಮೊದಲೇ ಕೊಟ್ಟಿರುತ್ತದೆ. ಪತ್ರವೂ ಪಟ್ಟಿಯೂ ತಾಳೆಯಾದರೆ ಆ ಚಾಲಕಕ್ಕೆ ಕರೆ ಹೋಗುತ್ತದೆ. ಅದು ಒಪ್ಪಿದರೆ ಉಪಕರಣದ ನೋಂದಣಿಯಾಯಿತು.

ಇಲ್ಲಿ ಪರೀಕ್ಷೆಗೊಳಗಾದುದು ಪತ್ರವೇ ಹೊರತು ಪತ್ರ ತಂದ ವಸ್ತುವಲ್ಲ. 2014ರಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು ಪೆನ್ ಡ್ರೈವಿನೊಳಗಿನ ಆಜ್ಞಾವಳಿಯನ್ನು ತಿದ್ದಿ, ಅದು ತನ್ನನ್ನು ಕೀಲಿಮಣೆಯೆಂದು ಹೇಳಿಕೊಳ್ಳುವಂತೆ ಮಾಡಿ ತೋರಿಸಿದರು. ಗಣಕವು ಅದನ್ನು ನಂಬಿ, ಅದು ಕಳುಹಿಸಿದ ಅಕ್ಷರಗಳನ್ನು ಯಜಮಾನನೇ ಒತ್ತಿದನೆಂಬಂತೆ ಪಾಲಿಸಿತು.

ಬಳಸುವವರಿಗೆ ತೊಡಕಾಗದಿರಲೆಂದು ಈ ನಂಬಿಕೆಯನ್ನು ಇರಿಸಲಾಗಿದೆ ಎನ್ನುವರು. ನಿಜ; ಇರುವ ಒಂದೇ ಕೀಲಿಮಣೆಯನ್ನೂ ತಡೆದರೆ ಒಪ್ಪಿಗೆಯನ್ನು ಒತ್ತುವುದಾದರೂ ಹೇಗೆ? ಆದರೆ ಕೆಲಸ ನಡೆಯುತ್ತಿರುವಾಗ ಎರಡನೆಯ ಕೀಲಿಮಣೆ ಬಂದು ಸೇರಿದರೆ, ಮೊದಲನೆಯದರ ಮೂಲಕ ನಮ್ಮ ಒಪ್ಪಿಗೆಯನ್ನು ಕೇಳಲು ಅಡ್ಡಿಯೇನು? ಲಿನಕ್ಸ್ ವ್ಯವಸ್ಥೆಯಲ್ಲಿ ಅನುಮತಿ ದೊರೆಯುವವರೆಗೆ ಉಪಕರಣವನ್ನು ತಡೆದಿಡುವ ಏರ್ಪಾಡು ಇದೆ. ಅದನ್ನು ಬೇಕೆಂದವರು ತಾವೇ ಜಾರಿಗೆ ತರಬೇಕು. ಇಂಥ ತಡೆಯು ಎಲ್ಲ ಗಣಕಗಳಲ್ಲಿಯೂ ಸಹಜವಾಗಿಯೇ ಇರತಕ್ಕದ್ದೆಂದು ನಾವು ವಾದಿಸುತ್ತೇವೆ.

ಪ್ರಯೋಗಶಾಲೆಯಲ್ಲಿ ರೋಧಕದ ಮೇಲಿನ ಬಣ್ಣದ ಪಟ್ಟೆಗಳನ್ನು ಓದಿದ ಮೇಲೂ ಅದರ ರೋಧವನ್ನು ಅಳೆದು ನೋಡಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಗಣಕವನ್ನು ರೂಪಿಸುವವರಿಂದಲೂ ಅಷ್ಟೇ ಎಚ್ಚರವನ್ನು ಬಯಸುವುದು ಅತಿಯಾಗಲಾರದು.