ಕೆತ್ತಿದವರ ಹೆಸರೂ ಪೆಟ್ಟಿಗೆಯ ಮೇಲಿರಲಿ

ಕಾರ್ಗಲ್, ಜೋಗದ ಕಾಲೊನಿಗಳಲ್ಲಿ ನೌಕರಿ ಮುಗಿಸಿ ಊರಿಗೆ ಮರಳಿದ ಎಷ್ಟೋ ಮಂದಿಯ ಷೋಕೇಸಿನಲ್ಲಿ ಸಾಗರದ ಗಂಧದ ಪೆಟ್ಟಿಗೆಯೋ ಅಂಗೈಯಗಲದ ಗಣಪತಿಯೋ ಕೂತಿರುತ್ತದೆ. ಬೀಳ್ಕೊಡುಗೆ ಕೊಟ್ಟ ಸಂಘದ ಹೆಸರು, ಪಡೆದವರ ಹುದ್ದೆ, ತಾರೀಖು ಎಲ್ಲವನ್ನೂ ಹಿತ್ತಾಳೆ ತಗಡಿನ ಮೇಲೆ ಅಚ್ಚುಕಟ್ಟಾಗಿ ಕೊರೆಸಿರುತ್ತಾರೆ. ದಿನಗಟ್ಟಲೆ ಬೆನ್ನು ಬಾಗಿಸಿ ಕೂತು ಕೆತ್ತಿದವರ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಬಾಯಿಮಾತಿನ ನೆನಪೂ ಉಳಿಯಲಿಲ್ಲ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು. ಸಾಗರ, ಹೊಸನಗರ ಸೀಮೆಯ ಊರುಗಳು ನೀರಿನಡಿ ಸೇರಿದವು. ಮನೆ ಬಿಟ್ಟು ಹೊರಟ ಕುಟುಂಬಗಳ ಗಂಟುಮೂಟೆಯಲ್ಲಿ ಹಳೆಯ ಸಾಮಾನು ಉಳಿದಿರಬಹುದು, ಆದರೆ ‘ಇದು ಇಂಥವರ ಕೈಕೆಲಸ’ ಎಂದು ಹೇಳಬಲ್ಲ ನೆರೆಹೊರೆಯೇ ಚದುರಿಹೋಯಿತು.

ಹೀಗೆ ಹೆಸರು ಅಳಿಯುವುದನ್ನು ಸಂಪ್ರದಾಯ ಎಂದು ಸುಮ್ಮನಿರುವುದು ಸರಿಯಲ್ಲ. ಇದು ತಿದ್ದಬಹುದಾದ ಲೋಪ. ತಿದ್ದಲು ಇರುವ ಸಮಯವೂ ಕಡಿಮೆ.

ಸಾಗರ, ಸೊರಬ, ಶಿರಸಿ, ಕುಮಟಾ ಭಾಗದಲ್ಲಿ ಗಂಧ ಕೆತ್ತುವ ಗುಡಿಗಾರರ ಕುಸುರಿಗೆ ಹೊರಗಿನವರ ಮೆಚ್ಚುಗೆ ಎಂದೂ ಕಡಿಮೆಯಾಗಿಲ್ಲ. ಬಿ.ಎಲ್. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರ್‌ನಲ್ಲಿ ಅವರ ಪೆಟ್ಟಿಗೆಗಳನ್ನು ವಿವರವಾಗಿ ಬಣ್ಣಿಸಿದ್ದಾರೆ. ಒಂದರೊಳಗೊಂದು ಹೆಣೆದುಕೊಂಡ ಬಳ್ಳಿ, ಎಲೆ, ನಡುವೆ ದೇವತೆಗಳ ಫಲಕ, ಅಲ್ಲಲ್ಲಿ ಪ್ರಾಣಿಗಳು. ಬರಿಯ ಮರ ಕಾಣುವ ಜಾಗವೇ ಇಲ್ಲದಷ್ಟು ದಟ್ಟ ಕೆತ್ತನೆ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂವರೆಗೂ ಮೈಸೂರು, ಕೆನರಾ ಸೀಮೆಯ ಗಂಧದ ಕೆತ್ತನೆ ಹೋಗಿ ಸೇರಿದೆ. ಆದರೆ ಇಂಥ ವಸ್ತುಗಳ ಚೀಟಿಯಲ್ಲಿ ಸಾಮಾನ್ಯವಾಗಿ ಸಿಗುವುದು ಸೀಮೆಯ ಹೆಸರು, ಮರದ ಹೆಸರು, ಹೆಚ್ಚೆಂದರೆ ಕುಲದ ಹೆಸರು. ಅಲ್ಲಿಗೆ ಮುಗಿಯಿತು.

‘ನಮ್ಮಲ್ಲಿ ಕಲಾವಿದರು ಹೆಸರು ಹಾಕುತ್ತಿರಲಿಲ್ಲ, ದೇವರ ಕೆಲಸವೆಂದು ಮಾಡುತ್ತಿದ್ದರು’ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಇದನ್ನು ಒಪ್ಪುವ ಮೊದಲು ಸಾಗರದ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನು ನೆನೆಯಬೇಕು. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರು ದೇಗುಲದಲ್ಲಿ ಕೆತ್ತಿದ ದಾಸೋಜ ಈ ಬಳ್ಳಿಗಾವೆಯವನು. ಅವನೂ ಅವನ ಮಗ ಚಾವಣನೂ ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೊರೆದಿದ್ದಾರೆ. ಮುಂದಿನ ಶತಮಾನದ ಮಲ್ಲಿತಮ್ಮ ಸೋಮನಾಥಪುರದಲ್ಲಿ ಮತ್ತೆ ಮತ್ತೆ ರುಜು ಹಾಕಿದ. ಕೆಲವೆಡೆ ಬರೀ ‘ಮಲ್ಲಿ’, ಕೆಲವೆಡೆ ‘ಮ’ ಎಂಬ ಒಂದಕ್ಷರ. ಅವರ ಭಕ್ತಿಗೆ ಇದರಿಂದ ಏನೂ ಕುಂದಾಗಲಿಲ್ಲ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇಗುಲದ ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು ಎಂದು ಇವತ್ತಿಗೂ ಬೆರಳಿಟ್ಟು ತೋರಿಸಬಹುದಾದದ್ದು ಇಂಥ ರುಜುಗಳಿಂದಲೇ. ಎಂಟುನೂರು ವರ್ಷ ಹಿಂದಿನ ಕಲ್ಲುಕುಟಿಗನ ಹೆಸರು ಗೊತ್ತಿದೆ, ಐವತ್ತು ವರ್ಷ ಹಿಂದಿನ ಗಂಧದ ಪೆಟ್ಟಿಗೆ ಯಾರದೆಂದು ಗೊತ್ತಿಲ್ಲ.

ರುಜು ಇಲ್ಲದ ಕೆಲಸದ ಒಡೆಯನನ್ನು ಹುಡುಕಲು ಸಾಧ್ಯವೇ? ಸಾಧ್ಯ. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೊ ಪ್ರದೇಶದ ನವಾಹೊ ಜನರ ಬೆಳ್ಳಿ ಉಂಗುರಗಳ ಕಥೆ ಇದಕ್ಕೆ ಒಳ್ಳೆಯ ಪಾಠ. 19ನೇ ಶತಮಾನದಲ್ಲಿ ಮೆಕ್ಸಿಕನ್ ಕಸುಬುದಾರರಿಂದ ಬೆಳ್ಳಿ ಕೆಲಸ ಕಲಿತ ನವಾಹೊಗಳು ಮುಂದೆ ಅದಕ್ಕೆ ನೀಲಿ ಟರ್ಕ್ವಾಯಿಸ್ ಹರಳು ಕೂಡಿಸಿದರು. 20ನೇ ಶತಮಾನದ ನಡುಭಾಗದವರೆಗೂ ಹೆಸರು ಒತ್ತುವ ರೂಢಿ ಅಪರೂಪ. ಆದರೆ ಅಲ್ಲಿನ ಕಸುಬುದಾರ ಬೆಳ್ಳಿಯ ಮೇಲೆ ಚಿತ್ತಾರ ಒತ್ತುವ ಉಕ್ಕಿನ ಅಚ್ಚುಗಳನ್ನು ತಾನೇ ಅರೆದು ಮಾಡಿಕೊಳ್ಳುತ್ತಿದ್ದ. ಅಚ್ಚಿನ ಅಂಚಿನಲ್ಲಿ ಸಣ್ಣದೊಂದು ಚಕ್ಕೆ ಹಾರಿದ್ದರೆ ಆ ಊನ ಅವನು ಮಾಡಿದ ಎಲ್ಲ ಒಡವೆಗಳಲ್ಲೂ ಮೂಡುತ್ತದೆ. ಅದರ ಜೊತೆಗೆ ಹರಳು ಕೂರಿಸಿದ ಕಟ್ಟು, ಬೆಸುಗೆಯ ರೀತಿ, ಹರಳು ಬಂದ ಗಣಿ ಇವನ್ನೆಲ್ಲ ಕೂಡಿಸಿ ಬಲ್ಲವರು ಮಾಡಿದವರ ಕಡೆಗೆ ದಾರಿ ಹಿಡಿಯುತ್ತಾರೆ. ಹೆಸರು ಖಚಿತವಾಗದಿದ್ದರೆ ಕಾಲ ಮತ್ತು ಸೀಮೆಯಷ್ಟನ್ನೇ ಹೇಳುವುದು ಅವರಲ್ಲಿ ಪ್ರಾಮಾಣಿಕರ ಕ್ರಮ.

ಗುಡಿಗಾರರ ಕೆಲಸದಲ್ಲೂ ಇಂಥ ಗುರುತುಗಳು ಹೇರಳ. ಮನೆತನದಲ್ಲಿ ತಂದೆಯಿಂದ ಮಗನಿಗೆ ಬಂದ ನಕ್ಷೆಗಳು, ಬಳ್ಳಿ ತಿರುಗುವ ಬಾಗು, ಉಳಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು, ಮುಚ್ಚಳದ ಕೂಡುಗಟ್ಟು. ಕೈಬರಹದಂತೆ ಇವೂ ಮನುಷ್ಯನಿಂದ ಮನುಷ್ಯನಿಗೆ ಬೇರೆ. ಇಟಲಿಯ ಜೊವಾನಿ ಮೊರೆಲ್ಲಿ 1870ರ ದಶಕದಲ್ಲಿ ಹಳೆಯ ವರ್ಣಚಿತ್ರಗಳ ಕರ್ತೃಗಳನ್ನು ಹುಡುಕಲು ಕಿವಿ, ಉಗುರುಗಳನ್ನು ನೋಡಿ ಎಂದ. ಕಲಾವಿದ ಗಮನ ಕೊಡದೆ ರೂಢಿಯಿಂದ ಬರೆಯುವ ಕಡೆಯೇ ಅವನ ಕೈ ಬಯಲಾಗುತ್ತದೆ ಎಂಬುದು ಅವನ ತರ್ಕ. ಗಂಧದ ಗಣಪತಿಯ ಕಿವಿಯ ಮಡಿಕೆಗೂ ಇದು ಸಲ್ಲುತ್ತದೆ.

ಆದರೆ ಈ ಗುರುತುಗಳನ್ನು ಓದಬಲ್ಲ ಕಣ್ಣುಗಳು ಪುಸ್ತಕದಲ್ಲಿಲ್ಲ, ಹಿರಿಯ ಕೆತ್ತನೆಗಾರರಲ್ಲಿವೆ. ಗಂಧದ ಮರ ದುರ್ಲಭವಾಗಿ ಬೇರೆ ಮರಗಳಿಗೆ ಇಳಿಯಬೇಕಾಗಿ ಬಂದ ಕಸುಬಿನಲ್ಲಿ ಅಂಥವರು ವಿರಳವಾಗುತ್ತಿದ್ದಾರೆ. ಅವರನ್ನು ಕೂರಿಸಿಕೊಂಡು, ಮನೆಮನೆಯ ಹಳೆಯ ಕೆತ್ತನೆಗಳ ಫೋಟೊ ಮುಂದಿಟ್ಟು, ‘ಇದು ಯಾರ ಕೈ?’ ಎಂದು ಕೇಳಿ ದಾಖಲಿಸುವ ಕೆಲಸ ಈಗಲೇ ಆಗಬೇಕು. ಸಾಗರದ ಕಾಲೇಜೊಂದರ ಇತಿಹಾಸ ವಿಭಾಗ ಕೈಗೆತ್ತಿಕೊಂಡರೂ ಸಾಕು.

ಊಹೆಗೆ ಇಲ್ಲಿ ಜಾಗ ಕೊಡಬಾರದು. ಪ್ರಸಿದ್ಧರ ಹೆಸರು ಅಂಟಿಸಿದರೆ ಬೆಲೆ ಏರುತ್ತದೆ ಎಂಬುದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರುವುದನ್ನು ತಡೆಯಲು ಅಮೆರಿಕ 1990ರಲ್ಲಿ ಕಾಯ್ದೆಯನ್ನೇ ತಂದಿತು. ಮೊದಲ ತಪ್ಪಿಗೇ ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಸೆರೆ ವಿಧಿಸಬಹುದು.

ಹಳೆಯದರ ಹುಡುಕಾಟ ಒಂದಾದರೆ, ಇವತ್ತಿನ ಕೆಲಸವೂ ನಾಳೆಗೆ ಅನಾಮಿಕವಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಸುಲಭ. 1964ರಲ್ಲಿ ಹುಟ್ಟಿದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ‘ಕಾವೇರಿ’ ಹೆಸರಿನಲ್ಲಿ ಮಾರಾಟ ಮಳಿಗೆಗಳನ್ನು ನಡೆಸುತ್ತದೆ. ಗಿರಾಕಿಗೆ ಕಾವೇರಿಯ ಹೆಸರು ನೆನಪಿರುತ್ತದೆ, ಕೆತ್ತಿದವರದಲ್ಲ. ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಚನ್ನಪಟ್ಟಣದ, ಕಿನ್ನಾಳದ ಗೊಂಬೆಗಳಿಗೆ ಬಲ ತಂದಿದೆ, ನಿಜ. ಆದರೆ ಅದು ಕಾಪಾಡುವುದು ಊರಿನ ಹೆಸರನ್ನು. ಪ್ರಶಸ್ತಿಗಳು ಕೆಲವರ ಹೆಸರನ್ನು ಮೇಲೆತ್ತುತ್ತವೆ, ಉಳಿದವರು ನೆರಳಿನಲ್ಲೇ ಉಳಿಯುತ್ತಾರೆ.

ಒಂದೇ ಪೆಟ್ಟಿಗೆಗೆ ನಾಲ್ಕಾರು ಕೈ ತಗಲುತ್ತದಲ್ಲ, ಯಾರ ಹೆಸರು ಹಾಕುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಬ್ಬರು ನಕ್ಷೆ ಬರೆಯಬಹುದು, ಇನ್ನೊಬ್ಬರು ಕೆತ್ತಬಹುದು, ಮತ್ತೊಬ್ಬರು ನಯ ಕೊಡಬಹುದು. ಹಾಗಿದ್ದರೆ ಎಲ್ಲರ ಹೆಸರೂ ಇರಲಿ. ಸಿನಿಮಾದ ಕೊನೆಗೆ ಲೈಟ್‌ಬಾಯ್‌ಗಳ ಹೆಸರನ್ನೂ ತೋರಿಸುವ ಕಾಲ ಇದು.

ಇದಕ್ಕೆ ಹೊಸ ವ್ಯವಸ್ಥೆ ಕಟ್ಟುವ ಅಗತ್ಯವೂ ಇಲ್ಲ. ಕೇಂದ್ರ ಜವಳಿ ಸಚಿವಾಲಯ ಕುಶಲಕರ್ಮಿಗಳಿಗೆ ‘ಪೆಹಚಾನ್’ ಗುರುತಿನ ಚೀಟಿ ಕೊಡುತ್ತಿದೆ. ಚಿನ್ನದ ಪುಟ್ಟ ಒಡವೆಗೂ ಆರು ಅಕ್ಷರ–ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆ ಕೊರೆಯಬಹುದಾದರೆ, ಗಂಧದ ಪೆಟ್ಟಿಗೆಯ ತಳದಲ್ಲಿ ಹೆಸರು, ಊರು, ಇಸವಿ ಬರೆಯಲು ಎಷ್ಟು ಜಾಗ ಬೇಕು? ನಿಗಮ ತಾನು ಕೊಳ್ಳುವ ಪ್ರತಿ ವಸ್ತುವಿಗೂ ಇದನ್ನು ಕಡ್ಡಾಯ ಮಾಡಲಿ. ಸರ್ಕಾರ ಗಣ್ಯರಿಗೆ ಕೊಡುವ ಗಂಧದ ಉಡುಗೊರೆಗಳಿಂದಲೇ ಇದು ಶುರುವಾಗಲಿ. ಬೀಳ್ಕೊಡುಗೆಗೆಂದು ಸಾಗರದ ಅಂಗಡಿಯಲ್ಲಿ ಗಣಪತಿ ಕೊಳ್ಳುವ ಸಂಘದವರೂ ಹಿತ್ತಾಳೆ ತಗಡಿಗೆ ಬರಹ ಕೊಡುವ ಮೊದಲು, ಕೆತ್ತಿದವರು ಯಾರೆಂದು ಕೇಳಿ ಆ ಹೆಸರಿಗೊಂದು ಸಾಲು ಬಿಡಲಿ.